ಆರು ವಾರ ದಾಟಿದ ತುರಿಕೆ: ಟ್ಯೂಬ್ ಕೊಳ್ಳುವ ಮೊದಲು ಒಂದು ನೋಟ್‌ಬುಕ್ ಕೊಳ್ಳಿ

"ತುರಿಕೆಗೆ ಯಾವ ಟ್ಯೂಬ್ ಒಳ್ಳೆಯದು?" ಈ ಪ್ರಶ್ನೆ ನನಗೆ ಬಂದಷ್ಟು ಸಲ ಬೇರೆ ಯಾವುದೂ ಬಂದಿಲ್ಲ. ಉತ್ತರ ಚಿಕ್ಕದು. ಕಾರಣ ಏನು ಅಂತ ಗೊತ್ತಾಗುವವರೆಗೆ ಯಾವ ಟ್ಯೂಬೂ ಒಳ್ಳೆಯದಲ್ಲ. ಆದರೆ ಇಷ್ಟು ಹೇಳಿ ಸುಮ್ಮನಾದರೆ ಕೇಳಿದವರಿಗೆ ರಾತ್ರಿ ನಿದ್ದೆ ಬರುವುದಿಲ್ಲವಲ್ಲ, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಹನ್ನೆರಡು ವರ್ಷದಿಂದ ಇಸುಬು ಇರುವವನು, ಅಂದರೆ ಚರ್ಮ ಒಣಗಿ, ಕೆಂಪಾಗಿ, ಕೆರೆದಷ್ಟೂ ದಪ್ಪವಾಗುವ ತೊಂದರೆ. ಮಾಡಬಾರದ್ದನ್ನೆಲ್ಲ ಮಾಡಿ ಕಲಿತಿದ್ದೇನೆ.

ಆರು ವಾರಕ್ಕಿಂತ ಜಾಸ್ತಿ ದಿನ ಉಳಿದರೆ ಅದನ್ನು ದೀರ್ಘಕಾಲದ ತುರಿಕೆ ಅಂತ ವೈದ್ಯರು ಲೆಕ್ಕ ಹಿಡಿಯುತ್ತಾರೆ. ಸೊಳ್ಳೆ ಕಚ್ಚಿದ್ದಕ್ಕೆ, ಸೆಕೆಗೆ ಎದ್ದ ಬೆವರುಸಾಲೆಗೆ ಈ ಲೇಖನ ಬೇಕಿಲ್ಲ.

ಹೊಟ್ಟೆನೋವು ಅಂದರೆ ಆಫೀಸಿನಲ್ಲಿ ರಜೆ ಕೊಡುತ್ತಾರೆ. ತುರಿಕೆ ಅಂದರೆ ನಗುತ್ತಾರೆ. ಮನೆಯಲ್ಲಿ "ಕೆರ್ಕೋಬೇಡ" ಅಂತ ಬೈಗುಳ. ಬಸ್ಸಿನಲ್ಲಿ ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ, ಗೊತ್ತಾಗದ ಹಾಗೆ, ಆದರೆ ನಮಗೆ ಗೊತ್ತಾಗುತ್ತದೆ. ಹೀಗಾಗಿ ನಾವೂ ಅದನ್ನು ಚಿಕ್ಕದು ಮಾಡಿ ಹೇಳುವುದು ರೂಢಿಯಾಗಿಬಿಟ್ಟಿದೆ. ಡಾಕ್ಟರ್ ಎದುರು ಕೂತಾಗ "ಸ್ವಲ್ಪ ತುರಿಕೆ ಸಾರ್" ಅಂದುಬಿಡುತ್ತೇವೆ. ಅವರು ಎರಡು ನಿಮಿಷ ಚರ್ಮ ನೋಡುತ್ತಾರೆ. ಚರ್ಮದ ಮೇಲೆ ನಿಮ್ಮ ರಾತ್ರಿ ಕಾಣುವುದಿಲ್ಲ. ಅದು ಕಾಣುವ ಹಾಗೆ ಮಾಡಿದರೆ ಅರ್ಧ ಕೆಲಸ ಆದಂತೆ.

ಬೇಕಾದ ಸಾಮಾನು: ಒಂದು ನೋಟ್‌ಬುಕ್, ಮೊಬೈಲ್ ಕ್ಯಾಮೆರಾ, ನೇಲ್ ಕಟರ್, ವಾಸನೆ ಇಲ್ಲದ ಮಾಯಿಶ್ಚರೈಸರ್ ಅಥವಾ ಪೆಟ್ರೋಲಿಯಂ ಜೆಲ್ಲಿ, ಎರಡು ಹತ್ತಿ ಬಟ್ಟೆ. ಅಷ್ಟೇ.

ಹಂತ 1. ಕಾಯಬಾರದ ಗುರುತುಗಳು ಇವೆಯಾ ನೋಡಿ

ಇವುಗಳಲ್ಲಿ ಯಾವುದಾದರೂ ಇದ್ದರೆ ಮುಂದಿನ ಹಂತಗಳನ್ನು ಆಮೇಲೆ ಓದಿ, ಮೊದಲು ಆಸ್ಪತ್ರೆಗೆ ಹೋಗಿ.

- ತುಟಿ, ನಾಲಿಗೆ ಊದಿಕೊಳ್ಳುವುದು, ಉಸಿರು ಕಟ್ಟುವುದು. ಇದಕ್ಕೆ ನೇರವಾಗಿ 108.
- ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಮಲ ಬಿಳಿಚಿಕೊಂಡಿರುವುದು. ಲಿವರ್ ಅಥವಾ ಪಿತ್ತನಾಳದ ತೊಂದರೆ ಇರಬಹುದು.
- ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಬಿಟ್ಟು ಬಿಟ್ಟು ಜ್ವರ, ಕತ್ತು ಕಂಕುಳಲ್ಲಿ ಗಡ್ಡೆ.
- ವಯಸ್ಸಾದವರಿಗೆ ತುರಿಕೆಯ ಜೊತೆ ದೊಡ್ಡ ದೊಡ್ಡ ನೀರುಗುಳ್ಳೆ.
- ಕೆರೆದ ಜಾಗದಲ್ಲಿ ಕೀವು, ಬಿಸಿ, ನೋವು.
- ಗರ್ಭಿಣಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಅಂಗೈ ಅಂಗಾಲು ತುರಿಸಿ ರಾತ್ರಿ ಜಾಸ್ತಿಯಾಗುವುದು.

ಕೊನೆಯದನ್ನು ಒತ್ತಿ ಹೇಳಬೇಕು. "ಬಸುರಿಯಲ್ಲಿ ಹೊಟ್ಟೆ ಹಿಗ್ಗಿದಾಗ ತುರಿಸೋದು ಸಹಜ" ಅಂತ ಹಿರಿಯರು ಹೇಳುತ್ತಾರೆ. ಹೊಟ್ಟೆಯ ಮೇಲಾದರೆ ಬಹಳ ಸಲ ಅದು ನಿಜವೂ ಹೌದು. ಆದರೆ ಗುಳ್ಳೆ ಏನೂ ಇಲ್ಲದೆ ಅಂಗೈ ಅಂಗಾಲು ತುರಿಸಿದರೆ, ಪಿತ್ತರಸ ಸರಿಯಾಗಿ ಹರಿಯದೆ ಅದರ ಆಮ್ಲ ರಕ್ತದಲ್ಲಿ ಏರಿರಬಹುದು. ಅದು ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಅದೇ ದಿನ ಹೆರಿಗೆ ಡಾಕ್ಟರ್‌ಗೆ ಹೇಳಿ.

ಹಂತ 2. ಒಂದು ವಾರ ಬರೆದಿಡಿ

ಎಲ್ಲರೂ ಬಿಟ್ಟುಬಿಡುವ ಹಂತ ಇದೇ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ.

ದಿನಕ್ಕೊಂದು ಪುಟ. ಬೆಳಿಗ್ಗೆ ಎದ್ದ ತಕ್ಷಣ ಒಂದು ಅಂಕಿ ಬರೆಯಿರಿ: ಕಳೆದ 24 ಗಂಟೆಯಲ್ಲಿ ತುರಿಕೆ ಅತಿ ಜೋರಾಗಿದ್ದಾಗ 0 ರಿಂದ 10 ರಲ್ಲಿ ಎಷ್ಟು? 0 ಅಂದರೆ ಇಲ್ಲವೇ ಇಲ್ಲ, 10 ಅಂದರೆ ಇದಕ್ಕಿಂತ ಜೋರು ನೆನೆಸಿಕೊಳ್ಳಲೂ ಆಗದು. ವೈದ್ಯರೂ ಇದೇ ಅಳತೆ ಬಳಸುತ್ತಾರೆ. ಆಮೇಲೆ ನಿದ್ದೆ: ಮಲಗಿದ್ದು ಎಷ್ಟಕ್ಕೆ, ನಿದ್ದೆ ಹತ್ತಿದ್ದು ಎಷ್ಟಕ್ಕೆ, ತುರಿಕೆಗೆ ಎಷ್ಟು ಸಲ ಎಚ್ಚರ ಆಯಿತು, ಹಾಸಿಗೆ ಮೇಲೆ ರಕ್ತದ ಕಲೆ ಇತ್ತಾ.

ವಾರದ ಕೊನೆಗೆ ಇನ್ನೊಂದು ಪುಟ. ಚರ್ಮದ ತೊಂದರೆ ಬದುಕಿನ ಮೇಲೆ ಎಷ್ಟು ಪರಿಣಾಮ ಮಾಡಿದೆ ಅಂತ ಅಳೆಯಲು ಡಿಎಲ್‌ಕ್ಯೂಐ ಅಂತ ಒಂದು ಪ್ರಶ್ನಾವಳಿ ಇದೆ. 1994ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಮಾಡಿದ್ದು, ಈಗ ಜಗತ್ತಿನ ಚರ್ಮದ ಡಾಕ್ಟರ್‌ಗಳಿಗೆಲ್ಲ ಗೊತ್ತು. ಕಳೆದ ಒಂದು ವಾರದ ಬಗ್ಗೆ 10 ಪ್ರಶ್ನೆ, ಒಂದೊಂದಕ್ಕೂ 0 ರಿಂದ 3 ಅಂಕ, ಒಟ್ಟು 30. ತುರಿಕೆ, ಉರಿ ಎಷ್ಟಿತ್ತು, ನಾಚಿಕೆ ಆಯಿತಾ, ಅಂಗಡಿಗೆ ಹೋಗಲು ಅಥವಾ ಮನೆಗೆಲಸಕ್ಕೆ ಅಡ್ಡಿ ಆಯಿತಾ, ಬಟ್ಟೆ ಆರಿಸುವಾಗ ಯೋಚಿಸಬೇಕಾಯಿತಾ, ನಾಲ್ಕು ಜನರ ನಡುವೆ ಹೋಗುವುದು, ಆಟ, ಕೆಲಸ ಅಥವಾ ಓದು, ಗಂಡ-ಹೆಂಡತಿ ಹಾಗೂ ಸ್ನೇಹಿತರ ಜೊತೆಗಿನ ಸಂಬಂಧ, ದಾಂಪತ್ಯದ ಖಾಸಗಿ ವಿಷಯ, ಕೊನೆಗೆ ಚಿಕಿತ್ಸೆಯೇ ಎಷ್ಟು ಕಾಟ ಕೊಟ್ಟಿತು (ಮುಲಾಮು ಬಟ್ಟೆಗೆ ಮೆತ್ತುವುದು, ಹೊತ್ತು ಹೋಗುವುದು). 11 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬದುಕಿನ ಮೇಲೆ ತುಂಬಾ ದೊಡ್ಡ ಪರಿಣಾಮ ಅಂತ ಲೆಕ್ಕ. 21 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ವಿಪರೀತ.

ಒಂದು ವಿಚಿತ್ರ ನೋಡಿ. ಇಷ್ಟು ಪ್ರಸಿದ್ಧವಾದ ಪ್ರಶ್ನಾವಳಿಯಲ್ಲಿ ನಿದ್ದೆ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ! ತುರಿಕೆ ಇರುವವರನ್ನು ಕೇಳಿದರೆ ಮೊದಲು ಹೇಳುವುದೇ ನಿದ್ದೆ ವಿಷಯ. ಹಾಗಾಗಿ ನಿದ್ದೆಯ ಲೆಕ್ಕ ಸಿಗುವುದು ನೀವು ಬರೆದ ನಿದ್ದೆಯ ಪುಟದಲ್ಲಿ ಮಾತ್ರ, ಅದನ್ನು ಬಿಡಬೇಡಿ.

ಎಡವುವ ಜಾಗ: ಮರೆತು ಏಳು ದಿನದ್ದನ್ನು ಭಾನುವಾರ ಒಟ್ಟಿಗೆ ಬರೆಯುವುದು. ಒಳ್ಳೆಯ ರಾತ್ರಿ ನೆನಪಿರುವುದಿಲ್ಲ, ಕೆಟ್ಟದ್ದು ಮಾತ್ರ ಉಳಿದಿರುತ್ತದೆ. ಇನ್ನೊಂದು, ಫೋಟೋ. ಪಿತ್ತದ ಗಂಧೆ (ಏಕಾಏಕಿ ಎದ್ದು ಕೆಲವು ಗಂಟೆಯಲ್ಲಿ ಮಾಯವಾಗುವ ಕೆಂಪು ದದ್ದು) ಇದ್ದವರು ಡಾಕ್ಟರ್ ಹತ್ತಿರ ಹೋಗುವಷ್ಟರಲ್ಲಿ ಮೈ ನುಣ್ಣಗಾಗಿರುತ್ತದೆ. ಎದ್ದಾಗಲೇ ಫೋಟೋ ತೆಗೆಯಿರಿ.

ಹಂತ 3. ಎಲ್ಲಿ, ಯಾವಾಗ, ಮನೆಯಲ್ಲಿ ಇನ್ನು ಯಾರಿಗೆ

ಬರೆಯುತ್ತಾ ಹೋದರೆ ಸುಳಿವು ತಾನೇ ಹೊರಗೆ ಬರುತ್ತದೆ. ರೋಗ ಯಾವುದು ಅಂತ ನೀವೇ ತೀರ್ಮಾನ ಮಾಡಬೇಡಿ, ಸುಳಿವು ಹಿಡಿದುಕೊಂಡು ಹೋಗಿ ಅಷ್ಟೇ.

ರಾತ್ರಿ ಜೋರು, ಬೆರಳುಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ, ಮನೆಯಲ್ಲಿ ಇನ್ನೊಬ್ಬರಿಗೂ ಇದೆ: ಕಜ್ಜಿ ಇರಬಹುದು. ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳ ಚರ್ಮದೊಳಗೆ ಬಿಲ ಕೊರೆಯುವುದು. ಇದಕ್ಕೆ ಡಾಕ್ಟರ್ ಸಾಮಾನ್ಯವಾಗಿ ಪರ್ಮೆಥ್ರಿನ್ 5% ಕ್ರೀಮ್ ಬರೆಯುತ್ತಾರೆ. ಕತ್ತಿನಿಂದ ಅಂಗಾಲಿನವರೆಗೆ ಒಂದು ಜಾಗವೂ ಬಿಡದೆ ಹಚ್ಚಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ತೊಳೆದು, ಒಂದು ವಾರದ ನಂತರ ಮತ್ತೆ ಹಚ್ಚಬೇಕು. ಎಲ್ಲರೂ ಎಡವುವುದು ಎರಡು ಕಡೆ. ತುರಿಕೆ ಇರುವವರಷ್ಟೇ ಹಚ್ಚಿಕೊಳ್ಳುತ್ತಾರೆ, ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಹುಳ ಸುತ್ತು ಹಾಕಿಕೊಂಡು ವಾಪಸ್ ಬರುತ್ತದೆ. ಎರಡನೆಯದು, ಹುಳ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಉಳಿಯುತ್ತದೆ. ಔಷಧ ಕೆಲಸ ಮಾಡಲಿಲ್ಲ ಅಂತ ದಿನಾ ಹಚ್ಚಿ ಚರ್ಮ ಸುಟ್ಟುಕೊಂಡವರಿದ್ದಾರೆ.

ತೊಡೆಸಂದು, ಸೊಂಟ, ಕಂಕುಳು, ಅಂಚು ಕೆಂಪಾಗಿ ಉಂಗುರದ ಹಾಗೆ: ಹುಳುಕಡ್ಡಿ ಇರಬಹುದು. ಹುಳುಕಡ್ಡಿ ಅಂದರೂ ಇದರಲ್ಲಿ ಹುಳ ಇಲ್ಲ, ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿ. ಇದರ ಕಥೆ ಮುಂದಿನ ಹಂತದಲ್ಲಿದೆ.

ಮುಖ, ಕಣ್ಣುರೆಪ್ಪೆ, ಕತ್ತು, ಮೊಣಕೈ ಮಡಿಕೆ, ಹೊಲದಲ್ಲಿ ಅಥವಾ ಖಾಲಿ ಸೈಟಿನ ಪಕ್ಕ ಓಡಾಡಿದ ದಿನ ಜಾಸ್ತಿ: ನಮ್ಮ ಕಾಂಗ್ರೆಸ್ ಗಿಡ. ಪಾರ್ಥೇನಿಯಂ ಅನ್ನುವ ಈ ಕಳೆಯ ಪುಡಿ ಗಾಳಿಯಲ್ಲಿ ಹಾರಿ ಬಂದು ಮೈಗೆ ಕೂತರೂ ಸಾಕು, ಒಗ್ಗದವರಿಗೆ ಚರ್ಮ ಕೆಂಪಾಗಿ ದಪ್ಪವಾಗುತ್ತದೆ. 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ಒಂದು ಜೀರುಂಡೆಯನ್ನು ತಂದು ಇದನ್ನು ತಿನ್ನಲು ಬಿಟ್ಟರು. ಜೀರುಂಡೆ ತಿನ್ನುತ್ತಲೇ ಇದೆ, ಗಿಡ ಬೆಳೆಯುತ್ತಲೇ ಇದೆ. ನೀವು ಮಾತ್ರ ಬರಿಗೈಯಲ್ಲಿ ಅದನ್ನು ಕೀಳಲು ಹೋಗಬೇಡಿ.

ಹಣೆಬೊಟ್ಟಿನ ಜಾಗ, ಬೆಲ್ಟಿನ ಬಕ್ಕಲ್ ತಗಲುವ ಹೊಟ್ಟೆ, ಇಮಿಟೇಶನ್ ಓಲೆಯ ಕಿವಿ, ತಲೆಗೆ ಡೈ ಹಾಕಿದ ಮೇಲೆ ಕಿವಿ ಹಿಂದೆ, ಗಾರೆ ಕೆಲಸದವರ ಕೈ: ತಗಲಿದ ವಸ್ತುವಿನ ಅಲರ್ಜಿ. ಇದಕ್ಕೆ ಪ್ಯಾಚ್ ಟೆಸ್ಟ್ ಅಂತ ಮಾಡುತ್ತಾರೆ. ಬೆನ್ನಿಗೆ ಬೇರೆ ಬೇರೆ ವಸ್ತುಗಳ ಪಟ್ಟಿ ಅಂಟಿಸಿ, 48 ಗಂಟೆ ಬಿಟ್ಟು ತೆಗೆದು ನೋಡುವುದು.

ಮೈ ಮೇಲೆ ಏನೂ ಕಾಣುವುದೇ ಇಲ್ಲ, ಆದರೂ ಮೈಯೆಲ್ಲ ತುರಿಕೆ: ಬರೀ ಒಣಚರ್ಮ ಇರಬಹುದು, ವಯಸ್ಸಾದವರಲ್ಲಿ ಇದೇ ಜಾಸ್ತಿ. ಆದರೆ ಕಿಡ್ನಿ, ಲಿವರ್, ಥೈರಾಯ್ಡ್, ಸಕ್ಕರೆ ಕಾಯಿಲೆ, ಕಬ್ಬಿಣದಂಶದ ಕೊರತೆ, ಅಪರೂಪಕ್ಕೆ ರಕ್ತದ ಕ್ಯಾನ್ಸರ್ ಕೂಡ ಹೀಗೆ ಶುರುವಾಗಬಹುದು. ತಿನ್ನುತ್ತಿರುವ ಮಾತ್ರೆಯೂ ಕಾರಣ ಆಗಬಹುದು, ಬಿಪಿಯ ಕೆಲವು ಮಾತ್ರೆ ಸೇರಿದಂತೆ. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ.

ನಂಜಿನ ವಿಷಯ ಕೇಳುತ್ತೀರಿ ಅಂತ ಗೊತ್ತು. ಬದನೆಕಾಯಿ, ಮೀನು, ಮೊಟ್ಟೆ, ಎಲ್ಲ ನಂಜು ಅಂತ ಬಿಟ್ಟು, ಕೊನೆಗೆ ಗಂಜಿ ಮಜ್ಜಿಗೆಯಲ್ಲಿ ದಿನ ತಳ್ಳುವವರನ್ನು ನೋಡಿದ್ದೇನೆ. ಒಂದು ಪದಾರ್ಥ ತಿಂದಾಗಲೆಲ್ಲ ದದ್ದು ಏಳುತ್ತದೆ ಅಂತ ನಿಮ್ಮ ಪುಸ್ತಕದಲ್ಲೇ ಮೂರು ನಾಲ್ಕು ಸಲ ಬಂದಿದ್ದರೆ ಅದನ್ನು ಡಾಕ್ಟರ್‌ಗೆ ತೋರಿಸಿ. ಸುಮ್ನೆ ಪಥ್ಯ ಮಾಡಬೇಡಿ, ಮಕ್ಕಳಿಗಂತೂ ಬೇಡವೇ ಬೇಡ.

ಹಂತ 4. ಮನೆಯಲ್ಲಿರುವ ಟ್ಯೂಬ್‌ಗಳನ್ನೆಲ್ಲ ಒಂದು ಕವರಿಗೆ ಹಾಕಿ

ಮೆಡಿಕಲ್ ಶಾಪಿಗೆ ಹೋಗಿ "ತುರಿಕೆಗೆ ಏನಾದ್ರೂ ಕೊಡಿ" ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ಮಿಕ್ಸ್ ಕ್ರೀಮ್. ಒಂದೇ ಟ್ಯೂಬಿನಲ್ಲಿ ಶಿಲೀಂಧ್ರ ಕೊಲ್ಲುವ ಔಷಧ, ಬ್ಯಾಕ್ಟೀರಿಯಾ ಕೊಲ್ಲುವ ಔಷಧ, ಜೊತೆಗೆ ಜೋರಾದ ಸ್ಟೀರಾಯ್ಡ್. ಸ್ಟೀರಾಯ್ಡ್ ಅಂದರೆ ಉರಿಯೂತ, ಅಂದರೆ ಕೆಂಪು-ಊತ-ತುರಿಕೆ, ಅದನ್ನು ತಕ್ಷಣ ಇಳಿಸುವ ಔಷಧ. ಎರಡೇ ದಿನದಲ್ಲಿ ಹಾಯ್ ಅನ್ನಿಸುತ್ತದೆ. ಅದೇ ಮೋಸ. ಇದ್ದದ್ದು ಹುಳುಕಡ್ಡಿಯಾದರೆ, ಸ್ಟೀರಾಯ್ಡ್ ಆ ಜಾಗದ ಕಾವಲನ್ನು ಇಳಿಸಿಬಿಡುತ್ತದೆ, ಶಿಲೀಂಧ್ರ ಒಳಗೊಳಗೇ ಹರಡುತ್ತದೆ, ಟ್ಯೂಬ್ ಮುಗಿದ ವಾರಕ್ಕೆ ಒಂದು ಉಂಗುರ ಇದ್ದದ್ದು ಐದಾಗುತ್ತದೆ, ನೀವು ಇನ್ನೊಂದು ಟ್ಯೂಬ್ ತರುತ್ತೀರಿ. ಜೊತೆಗೆ ಚರ್ಮ ತೆಳುವಾಗಿ, ತೊಡೆಸಂದಿನಲ್ಲಿ ಬಸುರಿ ಹೊಟ್ಟೆಯ ಮೇಲಿನಂಥ ಗೆರೆ ಬೀಳುತ್ತದೆ. ಆ ಗೆರೆ ಹೋಗುವುದಿಲ್ಲ.

ನಮ್ಮ ದೇಶದಲ್ಲಿ ಮೊಂಡು ಹುಳುಕಡ್ಡಿ ಇಷ್ಟು ಹರಡಲು ಇದೂ ಒಂದು ಕಾರಣ ಅಂತ ಚರ್ಮವೈದ್ಯರು ವರ್ಷಗಳಿಂದ ಹೇಳುತ್ತಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಚೀಟಿ ಕೇಳುವ ಅಂಗಡಿ ಎಷ್ಟಿವೆ ಅಂತ ನೀವೇ ನೋಡಿ.

ಟ್ಯೂಬಿನ ಮೇಲೆ ಕ್ಲೊಬೆಟಸಾಲ್, ಬೀಟಾಮೆಥಾಸೋನ್, ಮೊಮೆಟಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಹಾಗಂತ ಸ್ಟೀರಾಯ್ಡ್ ವಿಷ ಅಲ್ಲ, ಇದನ್ನು ಹೇಳಲೇಬೇಕು. ಇಸುಬಿಗೆ ಅದೇ ಮುಖ್ಯ ಔಷಧ. ಎಷ್ಟು ಜೋರಿನದು, ಯಾವ ಜಾಗಕ್ಕೆ, ಎಷ್ಟು ದಿನ ಅನ್ನುವುದನ್ನು ಡಾಕ್ಟರ್ ಹೇಳಬೇಕು. ಅಳತೆಗೆ ಒಂದು ಸುಲಭ ಲೆಕ್ಕ: ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಕ್ರೀಮ್ ಸುಮಾರು ಅರ್ಧ ಗ್ರಾಂ, ಅದು ಬೆರಳು ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು.

ಎಚ್ಚರಿಕೆ: ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದ್ದರೆ ಇದನ್ನು ಓದಿ ಇವತ್ತೇ ಎಸೆಯಬೇಡಿ. ಒಮ್ಮೆಗೇ ನಿಲ್ಲಿಸಿದರೆ ಮುಖ ಉರಿದು ಕೆಂಪಾಗುತ್ತದೆ. ಕವರ್ ಸಮೇತ ಡಾಕ್ಟರ್ ಹತ್ತಿರ ಹೋಗಿ ಹೇಗೆ ಬಿಡಬೇಕು ಅಂತ ಕೇಳಿ.

ಹಂತ 5. ಸ್ನಾನ ಬದಲಾಯಿಸಿ

ಕಾರಣ ಏನೇ ಇದ್ದರೂ ಇದನ್ನು ಇವತ್ತೇ ಶುರು ಮಾಡಬಹುದು. ಹಂಡೆಯ ಸುಡುನೀರು ತುರಿಸುವ ಜಾಗಕ್ಕೆ ಹುಯ್ದರೆ ಸ್ವರ್ಗ, ಗೊತ್ತು. ನಾನೂ ಹುಯ್ದುಕೊಂಡವನೇ. ಆದರೆ ಆ ನೀರು ಚರ್ಮದ ಜಿಡ್ಡನ್ನು ತೊಳೆದು ಒಯ್ಯುತ್ತದೆ, ಅರ್ಧ ಗಂಟೆಗೆ ತುರಿಕೆ ದುಪ್ಪಟ್ಟು. ಉಗುರುಬೆಚ್ಚಗಿನ ನೀರು, ಐದು ಹತ್ತು ನಿಮಿಷ, ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ. ತಿಕ್ಕುವ ಕಲ್ಲು, ನಾರು ಬೇಡ. ಕೀಟಾಣು ಸಾಯಲಿ ಅಂತ ಬಕೆಟ್ಟಿಗೆ ಡೆಟಾಲ್ ಹಾಕುವುದು ಬೇಡ. ಹಬ್ಬದ ದಿನ ಸೀಗೆಪುಡಿಯಲ್ಲಿ ಮೈ ಉಜ್ಜುವುದನ್ನೂ ಈ ವರ್ಷ ಬಿಟ್ಟುಬಿಡಿ.

ಟವೆಲ್‌ನಿಂದ ಒತ್ತಿ ಒರೆಸಿ, ಮೈ ಇನ್ನೂ ಸ್ವಲ್ಪ ಹಸಿ ಇರುವಾಗಲೇ, ಎರಡು ಮೂರು ನಿಮಿಷದೊಳಗೆ, ಮಾಯಿಶ್ಚರೈಸರ್ ಹಚ್ಚಿ. ಪೂರ್ತಿ ಮೈಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು, ನಾವು ಹಚ್ಚುವುದು ಅದರ ಕಾಲುಭಾಗವೂ ಅಲ್ಲ. ದುಬಾರಿ ಅನ್ನಿಸಿದರೆ ಪೆಟ್ರೋಲಿಯಂ ಜೆಲ್ಲಿ ಸಾಕು, ಕೊಬ್ಬರಿ ಎಣ್ಣೆಯೂ ಆಗುತ್ತದೆ. ಡಿಸೆಂಬರ್ ಜನವರಿಯಲ್ಲಿ ವಿಜಯಪುರ, ಕಲಬುರಗಿ ಕಡೆಯ ಒಣಹವೆಯಲ್ಲಿ ಇರುವವರು, ದಿನವಿಡೀ ಏಸಿಯಲ್ಲಿ ಕೂರುವವರು ದಿನಕ್ಕೆ ಎರಡು ಸಲ ಹಚ್ಚಬೇಕು. ಅರಿಶಿನ, ಬೇವು, ನಿಂಬೆರಸ ಒಡೆದ ಚರ್ಮಕ್ಕೆ ಬೇಡ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರಂತೂ ಚರ್ಮ ಸುಟ್ಟು ಕಪ್ಪಾಗುತ್ತದೆ.

ಹಂತ 6. ರಾತ್ರಿಗೆ ತಯಾರಿ

ರಾತ್ರಿ ತುರಿಕೆ ಜಾಸ್ತಿ ಅನ್ನುವುದು ನಿಮ್ಮ ಭ್ರಮೆ ಅಲ್ಲ. ರಾತ್ರಿ ಚರ್ಮ ಬೆಚ್ಚಗಾಗುತ್ತದೆ, ಚರ್ಮದಿಂದ ನೀರು ಜಾಸ್ತಿ ಆರುತ್ತದೆ, ಉರಿಯೂತ ತಡೆಯುವ ಕಾರ್ಟಿಸಾಲ್ ಅನ್ನುವ ನಮ್ಮದೇ ಹಾರ್ಮೋನು ಇಳಿದಿರುತ್ತದೆ, ಮನಸ್ಸಿಗೆ ಬೇರೆ ಕೆಲಸವೂ ಇರುವುದಿಲ್ಲ. ಕೆರೆದಾಗ ಆಗುವ ಸಣ್ಣ ನೋವು ತುರಿಕೆಯನ್ನು ಕ್ಷಣ ಹೊತ್ತು ಮುಚ್ಚುತ್ತದೆ, ಅದಕ್ಕೇ ಸುಖ. ಆದರೆ ಕೆರೆದ ಚರ್ಮ ಇನ್ನಷ್ಟು ಉರಿಯೆದ್ದು ಮತ್ತೆ ತುರಿಸುತ್ತದೆ. ಇದು ಮುಗಿಯದ ಸುತ್ತು.

ಉಗುರು ಮೋಟಾಗಿ ಕತ್ತರಿಸಿ. ಮಲಗುವ ಅರ್ಧ ಗಂಟೆ ಮೊದಲು ಮಾಯಿಶ್ಚರೈಸರ್. ಸಡಿಲ ಹತ್ತಿ ಬಟ್ಟೆ, ಕಂಬಳಿ ನೇರವಾಗಿ ಮೈಗೆ ತಾಗಬಾರದು. ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡು, ತುರಿಸಿದಾಗ ಆ ಜಾಗದ ಮೇಲೆ ಐದು ನಿಮಿಷ ಇಡಿ. ಕೈ ತಾನಾಗೇ ಹೋಗುತ್ತಿದ್ದರೆ ಮುಷ್ಟಿ ಬಿಗಿದು ಮೂವತ್ತು ಎಣಿಸಿ, ಆಮೇಲೆ ಆ ಜಾಗವನ್ನು ಅಂಗೈಯಿಂದ ಒತ್ತಿ ಹಿಡಿಯಿರಿ. ಮೊದಲ ವಾರ ಹತ್ತರಲ್ಲಿ ಎರಡು ಸಲ ನೆನಪಾದರೂ ಸರಿ. "ಕೆರ್ಕೋಬೇಡ" ಅನ್ನುವ ಮನೆಯವರಿಗೆ ಒಂದು ಮಾತು: ಬೈದರೆ ಕೆರೆತ ನಿಲ್ಲುವುದಿಲ್ಲ, ಬಚ್ಚಲಿಗೆ ಹೋಗಿ ಕೆರೆದುಕೊಳ್ಳುತ್ತಾರೆ ಅಷ್ಟೇ. ಆ ಒದ್ದೆ ಬಟ್ಟೆ ತಂದುಕೊಡಿ.

ಮಾತ್ರೆ ವಿಷಯ. ಸೆಟ್ರಿಜಿನ್ ತರದ ಅಲರ್ಜಿ ಮಾತ್ರೆ ಪಿತ್ತದ ಗಂಧೆಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಎಲ್ಲ ತುರಿಕೆಗೂ ಅಲ್ಲ. ತಿಂಗಳುಗಟ್ಟಲೆ ದಿನಾ ತಿಂದು ಏಕಾಏಕಿ ನಿಲ್ಲಿಸಿದಾಗ ಕೆಲವರಿಗೆ, ಅಪರೂಪಕ್ಕೆ, ವಿಪರೀತ ತುರಿಕೆ ಬರುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಎಚ್ಚರಿಸಿದೆ. ನಿದ್ದೆ ಬರಿಸುವ ಹಳೆಯ ಕಾಲದ ಅಲರ್ಜಿ ಮಾತ್ರೆಗಳನ್ನು ವಯಸ್ಸಾದ ಅಪ್ಪ ಅಮ್ಮನಿಗೆ ನೀವೇ ಕೊಡಬೇಡಿ, ರಾತ್ರಿ ಎದ್ದಾಗ ತಲೆ ತಿರುಗಿ ಬೀಳುತ್ತಾರೆ.

ಹಂತ 7. ಡಾಕ್ಟರ್ ಎದುರು

ಸರ್ಕಾರಿ ಆಸ್ಪತ್ರೆಯ ಬೋರ್ಡಿನಲ್ಲಿ "ಚರ್ಮ ಮತ್ತು ಲೈಂಗಿಕ ರೋಗ ವಿಭಾಗ" ಅಂತ ಓದಿ ವಾಪಸ್ ಬಂದವರು ನನಗೆ ಗೊತ್ತು. ಎರಡೂ ಒಂದೇ ಓದಿನಲ್ಲಿ ಬರುವ ವಿಷಯ, ಅದಕ್ಕೆ ಒಂದೇ ಬೋರ್ಡು. ಯಾರೂ ನಿಮ್ಮ ಬಗ್ಗೆ ಏನೂ ಅಂದುಕೊಳ್ಳುವುದಿಲ್ಲ, ಒಳಗೆ ಹೋಗಿ.

ಹೋಗುವ ದಿನ ಮೈಗೆ ಎಣ್ಣೆ, ಪೌಡರ್ ಹಚ್ಚಬೇಡಿ, ಹುಳುಕಡ್ಡಿ ಅಂತ ಅನುಮಾನ ಬಂದರೆ ಚರ್ಮದ ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನಾಚಿಕೆಯ ಜಾಗದಲ್ಲಿ ಇದ್ದರೂ ತೋರಿಸಿ. ಕೂತ ತಕ್ಷಣ ಮೂರು ವಾಕ್ಯ ಹೇಳಿ: "ಎಂಟು ವಾರ ಆಯ್ತು. ರಾತ್ರಿ ಮೂರು ಸಲ ಎಚ್ಚರ ಆಗುತ್ತೆ. ಅತಿ ಜೋರು ಅಂದ್ರೆ ಹತ್ತಕ್ಕೆ ಎಂಟು." ಆಮೇಲೆ ಪುಸ್ತಕ, ಫೋಟೋ, ಟ್ಯೂಬಿನ ಕವರ್ ಮುಂದಿಡಿ. ಚರ್ಮದಲ್ಲಿ ಏನೂ ಕಾಣದಿದ್ದರೆ ರಕ್ತದ ಎಣಿಕೆ, ಲಿವರ್, ಕಿಡ್ನಿ, ಥೈರಾಯ್ಡ್, ಸಕ್ಕರೆ ಪರೀಕ್ಷೆ ಬೇಕಾ ಅಂತ ಕೇಳಿ. ಎದ್ದು ಬರುವ ಮೊದಲು, ಯಾವ ಕ್ರೀಮ್ ಎಲ್ಲಿಗೆ, ಎಷ್ಟು ದಿನ, ಯಾವಾಗ ನಿಲ್ಲಿಸಬೇಕು ಅಂತ ಅವರ ಎದುರೇ ಬರೆದುಕೊಳ್ಳಿ. ಹುಳುಕಡ್ಡಿಗೆ ಮಾತ್ರೆ ಕೊಟ್ಟರೆ ತುರಿಕೆ ನಿಂತ ದಿನವೇ ಬಿಡಬೇಡಿ, ಹೇಳಿದಷ್ಟು ವಾರ ಪೂರ್ತಿ ತಿನ್ನಿ.

ನಿದ್ದೆಯಿಲ್ಲದೆ ತಿಂಗಳು ಕಳೆದರೆ ಮನಸ್ಸು ಕುಗ್ಗುತ್ತದೆ. ಸಿಟ್ಟು ಬರುತ್ತದೆ, ಮದುವೆ ಮುಂಜಿ ತಪ್ಪಿಸುತ್ತೇವೆ, ಕೆಲವು ರಾತ್ರಿ ಬದುಕೇ ಬೇಡ ಅನ್ನಿಸುತ್ತದೆ. ಅಷ್ಟರ ಮಟ್ಟಿಗೆ ಹೋದರೆ ಅದನ್ನೂ ಡಾಕ್ಟರ್‌ಗೆ ಹೇಳಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಗೆ ಫೋನ್ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹಂತ 8. ನಾಲ್ಕು ವಾರದ ನಂತರ ಅದೇ ಪುಟ ಮತ್ತೆ ತುಂಬಿ

ಚಿಕಿತ್ಸೆ ಶುರುವಾಗಿ ನಾಲ್ಕು ವಾರಕ್ಕೆ, ಹಳೆಯ ಪುಟ ನೋಡದೆ, 10ರ ಅಂಕಿ, ನಿದ್ದೆ, ಆ ಹತ್ತು ಪ್ರಶ್ನೆ ಎಲ್ಲ ಮತ್ತೆ ಬರೆಯಿರಿ. ಆಮೇಲೆ ಪಕ್ಕ ಪಕ್ಕ ಇಟ್ಟು ನೋಡಿ. 30ರ ಲೆಕ್ಕದಲ್ಲಿ 4 ಅಂಕ ಇಳಿದಿದ್ದರೆ ನಿಜವಾಗಿ ವ್ಯತ್ಯಾಸ ಆಗಿದೆ ಅಂತ ಅರ್ಥ. ಇಳಿದಿಲ್ಲವಾದರೆ ಡಾಕ್ಟರ್ ಬದಲಾಯಿಸುವ ಮೊದಲು, ಅದೇ ಡಾಕ್ಟರ್ ಹತ್ತಿರ ಎರಡೂ ಪುಟ ತೆಗೆದುಕೊಂಡು ಹೋಗಿ. ನನಗೆ ಮೊದಲ ಸಲ ಚೀಟಿ ಬದಲಾದದ್ದು ಹಾಗೇ. ಚರ್ಮ ನೋಡಿ "ಪರವಾಗಿಲ್ವಲ್ಲ" ಅಂದಿದ್ದವರು ನಿದ್ದೆಯ ಪುಟ ತಿರುಗಿಸಿ ಪೆನ್ ಕೈಗೆ ತೆಗೆದುಕೊಂಡರು.